ಸುದ್ದಿಯ ಕೆಳಗೆ ಯಾರ ಹೆಸರು?

ಈಗಿನ ಹುಡುಗರ ವಿಷಯಕ್ಕೆ ಬಂದರೆ ನಾವು ದೊಡ್ಡವರು ಕೂತಲ್ಲೇ ತೀರ್ಪು ಕೊಟ್ಟುಬಿಡ್ತೀವಿ. ಅದರಲ್ಲೂ ಪತ್ರಿಕೋದ್ಯಮ ಓದೋ ಹುಡುಗರು ಅಂದರೆ ಮುಗೀತು. 'ಇನ್ಮೇಲೆ ಸುದ್ದಿ ಬರೆಯೋದೂ ಎಐ, ಓದಿ ಹೇಳೋದೂ ಎಐ, ಪಾಪ ಈ ಮಕ್ಕಳು ಡಿಗ್ರಿ ತಗೊಂಡು ಏನ್ಮಾಡ್ತಾವೆ' ಅಂತ ಮರುಗದವರಿಲ್ಲ. ಆ ಮಕ್ಕಳೇ ಏನಂತಾರೆ ಅಂತ ವಿಚಾರಿಸಿದವರು ಮಾತ್ರ ಕಡಿಮೆ, ಅಲ್ವಾ?

ನಮ್ಮ ಪಡುವಾರಹಳ್ಳಿಯಲ್ಲಿ ವಿಚಾರಿಸೋದಕ್ಕೇನೂ ಕಷ್ಟ ಇಲ್ಲ. ಮಾನಸಗಂಗೋತ್ರಿಗೆ ಅಂಟಿಕೊಂಡಿರೋ ಬಡಾವಣೆ, ಯಾವ ಬೀದಿಗೆ ಹೋದರೂ ಮಹಡಿ ಮೇಲೆ ವಿದ್ಯಾರ್ಥಿಗಳ ರೂಮು ಇದ್ದೇ ಇರುತ್ತೆ. ಪಕ್ಕದ ಮನೆ ಮಹಡಿಯಲ್ಲಿ ಪತ್ರಿಕೋದ್ಯಮ ಓದೋ ಇಬ್ಬರು ಹುಡುಗರಿದ್ದಾರೆ, ಒಬ್ಬ ರಾಯಚೂರು ಕಡೆಯವನು, ಇನ್ನೊಬ್ಬ ಕೊಳ್ಳೇಗಾಲದವನು. ಎದುರು ಮನೆ ಹುಡುಗಿಯೂ ಅವರದೇ ತರಗತಿ. ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿಕೊಂಡು ಬಂದವರು ನಮ್ಮ ಕಾಂಪೌಂಡಿಗೆ ಒರಗಿ ನಿಂತರು ಅಂದರೆ ದೀಪ ಹಚ್ಚೋ ಹೊತ್ತು ಮೀರಿದರೂ ಮಾತು ಮುಗಿಯಲ್ಲ. ಮೈಸೂರಿಗೆ ಈ ಓದೇನು ಹೊಸದಾ ಹೇಳಿ? ನಾಡಿಗ ಕೃಷ್ಣಮೂರ್ತಿಯವರು ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರು ಮಾಡಿದ್ದು 1950ರ ದಶಕದ ಆರಂಭದಲ್ಲಿ. 1970ರಿಂದ ಸಂಸ್ಕೃತದಲ್ಲೇ 'ಸುಧರ್ಮಾ' ಅಂತ ದಿನಪತ್ರಿಕೆ ಹೊರಡಿಸಿದ ಊರು ಇದು. ಪತ್ರಿಕೆ ಅಂದರೆ ಇಲ್ಲಿನವರಿಗೆ ಬೆಳಗಿನ ಕಾಫಿಗಿಂತ ಒಂದು ಗುಟುಕು ಮೊದಲೇ ಬೇಕು.

ನನಗೆ ಮೊದಲು ಆಶ್ಚರ್ಯ ಆಗಿದ್ದು ಏನು ಅಂದರೆ, ಈ ಮಕ್ಕಳಿಗೆ ಎಐ ಕಂಡರೆ ಬೆರಗೂ ಇಲ್ಲ, ಭಯವೂ ಇಲ್ಲ. 'ಅದು ಬಂದು ಬಹಳ ದಿನ ಆಯ್ತು ಆಂಟಿ' ಅಂತ ಅಂದುಬಿಡ್ತಾರೆ. ನಿಜ. 2014ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಬೆಳಗಿನ ಜಾವ ಭೂಮಿ ಅಲುಗಿತ್ತಲ್ಲ, ಆಗ 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯ ಒಬ್ಬ ಪತ್ರಕರ್ತ ಹಾಸಿಗೆಯಿಂದ ಎದ್ದು ಕಂಪ್ಯೂಟರ್ ಮುಂದೆ ಕೂತರೆ ಸುದ್ದಿ ಆಗಲೇ ಬರೆದಿಟ್ಟು ಕಾಯ್ತಾ ಇತ್ತು. ಬರೆದಿದ್ದು ಅವನೇ ಮಾಡಿಟ್ಟಿದ್ದ ಒಂದು ಪ್ರೋಗ್ರಾಂ. ಅವನು ಗುಂಡಿ ಒತ್ತಿದ, ಮೂರೇ ನಿಮಿಷದಲ್ಲಿ ಸುದ್ದಿ ಲೋಕಕ್ಕೆಲ್ಲ ಗೊತ್ತಾಯ್ತು. ಈ ಕತೆ ಕೊಳ್ಳೇಗಾಲದ ಹುಡುಗನಿಗೆ ಬಹಳ ಇಷ್ಟ. 'ಪ್ರೋಗ್ರಾಂ ಬರೆದವನೂ ವರದಿಗಾರನೇ, ಗುಂಡಿ ಒತ್ತಿದವನೂ ವರದಿಗಾರನೇ' ಅಂತ ಬೆರಳು ಮಡಿಸಿ ಹೇಳ್ತಾನೆ. ಕಂಪನದ ತೀವ್ರತೆ ಎಷ್ಟು, ಕೇಂದ್ರ ಎಲ್ಲಿ, ಹೊತ್ತು ಯಾವುದು ಅನ್ನೋದನ್ನ ಯಂತ್ರ ಹೇಳ್ತು. ಯಾರ ಮನೆ ಗೋಡೆ ಬಿರುಕು ಬಿಟ್ಟಿದೆ ಅಂತ ನೋಡೋಕೆ ಮನುಷ್ಯರೇ ಹೋಗಬೇಕಾಯ್ತು.

ಇನ್ನು ಟಿವಿಯ ಎಐ ನಿರೂಪಕಿಯರ ಸಂಗತಿ ನಿಮಗೂ ನೆನಪಿರಬೇಕು. 2023ರ ಜುಲೈ. ಒಡಿಶಾದ ಓಟಿವಿಯಲ್ಲಿ 'ಲೀಸಾ' ಬಂದಳು, ಅದೇ ಹೊತ್ತಿಗೆ ನಮ್ಮ ಕನ್ನಡದ ಪವರ್ ಟಿವಿಯಲ್ಲಿ 'ಸೌಂದರ್ಯ' ಬಂದಳು. ಮಾರನೇ ವರ್ಷ ದೂರದರ್ಶನದವರು ಡಿಡಿ ಕಿಸಾನ್‌ನಲ್ಲಿ 'ಕ್ರಿಶ್', 'ಭೂಮಿ' ಅಂತ ಇಬ್ಬರನ್ನ ಕೂರಿಸಿದರು, ಐವತ್ತು ಭಾಷೆ ಮಾತಾಡ್ತಾರೆ ಅಂತ. ಎದುರು ಮನೆ ಹುಡುಗಿಗೆ ಇದರಲ್ಲೆಲ್ಲ ಕುತೂಹಲ ಇರೋದು ಒಂದೇ ಸಂಗತಿಯಲ್ಲಿ. ಲೀಸಾಗೆ ಒಡಿಶಾದ ಕೈಮಗ್ಗದ ಸೀರೆ ಉಡಿಸಿದ್ದರಲ್ಲ, ಆ ಸೀರೆ ಆರಿಸಿದ್ದು ಯಾರು? ನೆರಿಗೆ ಹೀಗಿರಲಿ, ಅಂಚು ಹೀಗಿರಲಿ ಅಂತ ಯಾರೋ ಒಬ್ಬರು ಕೂತು ತೀರ್ಮಾನ ಮಾಡಿದ್ದಾರೆ ತಾನೇ? 'ಸೀರೆ ಆರಿಸಿದವರ ಹಾಗೇ ಆ ಸುದ್ದಿ ಆರಿಸಿದವರೂ ಯಾರೋ ಇದ್ದಾರೆ ಆಂಟಿ. ಅವರು ಕಾಣಿಸಲ್ಲ, ಅವಳು ಕಾಣಿಸ್ತಾಳೆ' ಅಂದಳು. ಇಪ್ಪತ್ತೆರಡು ವರ್ಷದ ಹುಡುಗಿ ಕಣ್ರೀ! ಸೀರೆಯಿಂದ ಹಿಡಿದು ಎಲ್ಲಿಗೆ ಹೋದಳು ನೋಡಿ.

ಇದಕ್ಕಿಂತ ವಿಚಿತ್ರ ಪೋಲೆಂಡ್‌ನಲ್ಲಿ ನಡೆದಿದೆ. ಕ್ರಾಕೊವ್ ನಗರದಲ್ಲಿ ಓಎಫ್‌ಎಫ್ ರೇಡಿಯೊ ಅಂತ ಒಂದು ಬಾನುಲಿ. 2024ರ ಅಕ್ಟೋಬರ್‌ನಲ್ಲಿ ಅವರು ಮೂರು ಎಐ ನಿರೂಪಕರನ್ನ ಹುಟ್ಟಿಸಿದರು. ಹುಟ್ಟಿಸಿದ್ದು ಮಾತ್ರ ಅಲ್ಲ, ಮೂವರಿಗೂ ಹೆಸರು, ವಯಸ್ಸು, ಓದು ಎಲ್ಲಾನೂ ಕೊಟ್ಟರು. ಮೂವರೂ ಇಪ್ಪತ್ತರ ಆಸುಪಾಸಿನವರಂತೆ. ಅದರಲ್ಲಿ ಒಬ್ಬಳು ಏನು ಓದ್ತಾ ಇದ್ದಳು ಹೇಳಿ? ಪತ್ರಿಕೋದ್ಯಮ! ಇದನ್ನ ಕೇಳಿ ನಮ್ಮ ಮೂವರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಆಮೇಲೆ ರಾಯಚೂರಿನ ಹುಡುಗ ಸುಮ್ಮನಾದ. 'ನಾವು ಫೀ ಕಟ್ಟಿ, ರೂಮು ಬಾಡಿಗೆ ಕಟ್ಟಿ ಎರಡು ವರ್ಷ ಓದ್ತೀವ್ರಿ ಆಂಟಿ. ಅಕಿಗೆ ಒಂದು ಸಾಲು ಬರೆದ್ರ ಮುಗೀತು, ವಿದ್ಯಾರ್ಥಿ ಆಗಿಬಿಟ್ಟಳು' ಅಂದ. ಆ ಬಾನುಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2012ರಲ್ಲೇ ತೀರಿಕೊಂಡ ನೊಬೆಲ್ ಕವಯಿತ್ರಿ ವಿಸ್ಲಾವಾ ಶಿಂಬೋರ್ಸ್ಕಾ ಅವರ ಜೊತೆ ಸಂದರ್ಶನವನ್ನೂ ಪ್ರಸಾರ ಮಾಡಿದರು. ಎರಡೂ ಕಡೆ ಎಐ ದನಿಯೇ. ಊರೇ ತಿರುಗಿಬಿತ್ತು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಮೂರು ತಿಂಗಳ ಪ್ರಯೋಗ ಅಂದಿದ್ದು ಒಂದು ವಾರಕ್ಕೇ ನಿಂತುಹೋಯ್ತು.

ಬಾನುಲಿ ಅಂದಕೂಡಲೇ ನನಗೆ ವಿಠಲ ವಿಹಾರ ನೆನಪಾಗುತ್ತೆ. ಯಾವ ಊರಿನಲ್ಲಿ ನಿಂತು ಈ ಮಾತಾಡ್ತಾ ಇದ್ದೀವಿ ಅಂತ ಮರೀಬಾರದು ನೋಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆ ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದರು. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. ನಡೆದದ್ದು ಒಬ್ಬ ಮೇಷ್ಟ್ರ ಮನೆಯಲ್ಲಿ, ನಮ್ಮದೇ ಊರಿನಲ್ಲಿ. ಅದೇ ಮುಂದೆ ಮೈಸೂರು ಆಕಾಶವಾಣಿ ಆಯ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ದೆಹಲಿಯ ಕನ್ನಡ ವಾರ್ತೆ ಬರೋ ಹೊತ್ತಿಗೆ ಅಪ್ಪ ಗಡಿಯಾರ ಸರಿ ಮಾಡಿಕೊಳ್ತಿದ್ದರು. ವಾರ್ತೆಗೆ ಮೊದಲು ಬರ್ತಿದ್ದದ್ದು ಓದುವವರ ಹೆಸರು. ಪ್ರಧಾನಿ ಹೆಸರಿಗಿಂತ ಮೊದಲು ಅವರ ಹೆಸರು! ಆ ಹೆಸರು ಕೇಳಿದ ಮೇಲೇ ಅಪ್ಪ ಪೇಪರ್ ಮಡಿಸಿ ಕಿವಿ ಕೊಡ್ತಿದ್ದದ್ದು. ಒಂದು ದಿನ ಬೇರೆಯವರು ಓದಿದರೆ 'ಏನಾಯ್ತೋ, ಹುಷಾರಿಲ್ಲವೋ ಏನೋ' ಅಂತ ಕಾಣದ ಮನುಷ್ಯನಿಗಾಗಿ ಕಳವಳ ಪಡೋರು.

ಈ ಹುಡುಗರು ಕೇಳೋದೂ ಅದನ್ನೇ ನೋಡಿ. ಎಐ ಬರೆಯಲಿ, ಬಿಡಲಿ, ಸುದ್ದಿಯ ಕೆಳಗೆ ಯಾರ ಹೆಸರು? ತಪ್ಪಾದರೆ ಯಾರ ಮನೆ ಬಾಗಿಲು ತಟ್ಟಬೇಕು?

ನಮ್ಮ ಸಿದ್ದರಾಮಯ್ಯನವರಿಗೆ ಆಗಿದ್ದು ಅದೇ ತಾನೇ? 2025ರ ಜುಲೈ 14ಕ್ಕೆ ಬಿ. ಸರೋಜಾದೇವಿಯವರು ತೀರಿಕೊಂಡರು. ಮುಖ್ಯಮಂತ್ರಿ ಅಂತಿಮ ದರ್ಶನ ಪಡೆದ ಬಗ್ಗೆ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಎರಡು ಸಾಲು ಹಾಕಿದರು. ಮೆಟಾ ಕಂಪನಿಯ ಯಂತ್ರ ಅದನ್ನ ಇಂಗ್ಲಿಷಿಗೆ ತಿರುಗಿಸೋ ಭರದಲ್ಲಿ ಸಿದ್ದರಾಮಯ್ಯನವರೇ ತೀರಿಕೊಂಡರು ಅನ್ನೋ ಅರ್ಥ ಬರೋ ಹಾಗೆ ಬರೆದುಬಿಡ್ತು. ಶ್ರದ್ಧಾಂಜಲಿ ಹೇಳಿದವರಿಗೇ ಶ್ರದ್ಧಾಂಜಲಿ! ಸಿದ್ದರಾಮನಹುಂಡಿ ನಮ್ಮ ಮೈಸೂರು ಜಿಲ್ಲೆಯದ್ದೇ ಆದ್ದರಿಂದ ಇಲ್ಲಿ ಎಷ್ಟು ಮಾತಾಯ್ತು ಅಂತ ನಿಮಗೆ ಗೊತ್ತು. ಕನ್ನಡದ ಅನುವಾದ ಸರಿಹೋಗೋವರೆಗೂ ನಿಲ್ಲಿಸಿ ಅಂತ ಅವರ ಕಡೆಯಿಂದ ಪತ್ರ ಹೋಯ್ತು, ಕಂಪನಿ ಕ್ಷಮೆ ಕೇಳಿತು. ಇದು ನಾಡಿನ ಮುಖ್ಯಮಂತ್ರಿಯ ವಿಷಯ, ಅದಕ್ಕೇ ಉತ್ತರ ಬಂತು. ಕೊಳ್ಳೇಗಾಲದ ಹುಡುಗ ಕೇಳಿದ್ದು ನನ್ನ ಮನಸ್ಸಿನಿಂದ ಹೋಗಲ್ಲ: 'ನಮ್ಮೂರಿನ ಗ್ರಾಮ ಪಂಚಾಯಿತಿ ಸದಸ್ಯೆ ವಿಷಯದಲ್ಲಿ ಹೀಗಾಗಿದ್ದರೆ ಯಾರಿಗೆ ಪತ್ರ ಬರೀಬೇಕಿತ್ತು ಆಂಟಿ?'

ಹಾಗಂತ ಮೂವರದ್ದೂ ಒಂದೇ ರಾಗ ಅಂದುಕೋಬೇಡಿ. ರಾಯಚೂರಿನ ಹುಡುಗ ಎಐ ಪರವಾಗಿ ವಾದ ಮಾಡ್ತಾನೆ, ಅದೂ ಜೋರಾಗಿ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ, ಅಪ್ಪ ಭತ್ತದ ಗದ್ದೆಯಲ್ಲಿ ದುಡಿಯೋರು. ಇಲ್ಲಿಗೆ ಬಂದ ಹೊಸದರಲ್ಲಿ ಇಂಗ್ಲಿಷ್ ಪ್ರೆಸ್‌ನೋಟ್ ಕೈಗೆ ಬಂದರೆ ಬೆವರುತ್ತಿದ್ದನಂತೆ. ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರ, ಆಡಿಟ್ ವರದಿ, ಕೋರ್ಟಿನ ಆದೇಶ ಇವೆಲ್ಲ ಬೆಂಗಳೂರಿನ ಕಾನ್ವೆಂಟ್ ಹುಡುಗರಿಗೆ ಮಾತ್ರ ದಕ್ಕೋ ಪದಾರ್ಥ ಅನ್ನಿಸ್ತಿತ್ತಂತೆ. ಈಗ ನಲವತ್ತು ಪುಟದ ವರದಿಯನ್ನ ಯಂತ್ರಕ್ಕೆ ಕೊಟ್ಟು, ಕನ್ನಡದಲ್ಲಿ ಅದರ ಸಾರ ಓದಿಕೊಂಡು, ಎಲ್ಲಿ ಅನುಮಾನ ಬಂತೋ ಆ ಪುಟದ ಇಂಗ್ಲಿಷನ್ನ ಬೆರಳಿಟ್ಟು ಓದ್ತಾನೆ. 'ಇದು ನನಗ ಬಾಗಿಲ ತೆಗೆದದ ರೀ' ಅಂತಾನೆ. ನಾನಿದನ್ನ ಹಗುರವಾಗಿ ತಗೊಳ್ಳಲ್ಲ. ಎಐ ಕೆಟ್ಟದ್ದು ಅಂತ ಭಾಷಣ ಮಾಡೋರಲ್ಲಿ ಬಹಳ ಜನಕ್ಕೆ ಈ ಬಾಗಿಲು ಹುಟ್ಟುವಾಗಲೇ ತೆಗೆದಿತ್ತು. ಹಳ್ಳಿಯಿಂದ ಬಂದ ಮಗುವಿಗೆ ಅದು ಈಗ ತೆಗೀತಿದೆ ಅಂದರೆ ಅಡ್ಡ ನಿಲ್ಲೋಕೆ ನಾವ್ಯಾರು, ಅಲ್ವಾ?

ಆದರೆ ಅವನೇ ಇನ್ನೊಂದು ಮಾತು ಸೇರಿಸ್ತಾನೆ. ಬೆರಳಿಟ್ಟು ಓದೋದನ್ನ ಬಿಟ್ಟ ದಿನ ಕೆಟ್ಟೆವು ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತಲ್ಲ, ಶಿಕಾಗೊ ನಗರದ ಒಂದು ಹಳೇ ಪತ್ರಿಕೆ ಹಾಗೇ ಮಾಡ್ತು. 2025ರ ಮೇ ತಿಂಗಳಲ್ಲಿ 'ಶಿಕಾಗೊ ಸನ್-ಟೈಮ್ಸ್' ಬೇಸಿಗೆ ರಜೆಗೆ ಓದಬೇಕಾದ ಹದಿನೈದು ಪುಸ್ತಕಗಳ ಪಟ್ಟಿ ಹಾಕಿತು. ಅದರಲ್ಲಿ ಹತ್ತು ಪುಸ್ತಕ ಭೂಮಿ ಮೇಲೇ ಇಲ್ಲ! ಲೇಖಕರು ನಿಜ, ಇಸಾಬೆಲ್ ಅಯೆಂಡೆ ಅಂಥ ದೊಡ್ಡ ಹೆಸರುಗಳು. ಪುಸ್ತಕ ಮಾತ್ರ ಸುಳ್ಳು, ಕತೆಯ ಸಾರಾಂಶ ಬೇರೆ ಕೊಟ್ಟಿದ್ದಾರೆ. ಬರೆದವರು ಎಐ ಬಳಸಿದ್ದೆ, ತಾಳೆ ನೋಡಲಿಲ್ಲ ಅಂತ ಆಮೇಲೆ ಒಪ್ಪಿಕೊಂಡರು. ಪುರವಣಿ ಹೊರಗಿನ ಸಂಸ್ಥೆಯಿಂದ ಸಿದ್ಧವಾಗಿ ಬಂದಿತ್ತು, ಪತ್ರಿಕೆಯಲ್ಲಿ ಯಾರೂ ನೋಡದೆ ಅಚ್ಚಾಯ್ತು. ಮೂವರಿಗೂ ಸಿಟ್ಟು ಬಂದಿದ್ದು ಆ ಕಡೆಯ ಸಂಗತಿಗೆ. ಯಂತ್ರ ಸುಳ್ಳು ಹೇಳಿದ್ದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಅಚ್ಚಿಗೆ ಹೋಗೋ ಮುಂಚೆ ಒಬ್ಬ ಮನುಷ್ಯ ಓದಲಿಲ್ಲವಲ್ಲ, ಅದು ಅವರಿಗೆ ನುಂಗಲಾರದ ತುತ್ತು.

ತಾಳೆ ನೋಡೋದು ಅಂದಿದ್ದಕ್ಕೆ ಹೇಳ್ತೀನಿ ಕೇಳಿ. ಕೊಳ್ಳೇಗಾಲದ ಹುಡುಗ ತರಗತಿಯ ಕೆಲಸಕ್ಕೆ ದೇವರಾಜ ಮಾರುಕಟ್ಟೆಗೆ ಹೋಗಿದ್ದ. ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿಯನ್ನ ಮಾತಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ರೂಮಿಗೆ ಬಂದು ಯಂತ್ರಕ್ಕೆ ಕೊಟ್ಟ. ಎರಡು ನಿಮಿಷದಲ್ಲಿ ಅಕ್ಷರ ರೂಪದಲ್ಲಿ ಬಂತು. ಓದಿದರೆ ಅಜ್ಜಿ ಮಲ್ಲಿಗೆ ದರ ಹೇಳ್ತಾ ಹೇಳ್ತಾ ನಡುವೆ ಟೊಮೆಟೊ ದರವನ್ನೂ ಹೇಳಿಬಿಟ್ಟಿದ್ದಾಳೆ. ಪಕ್ಕದಲ್ಲಿ ಕೂಗ್ತಿದ್ದ ಇನ್ಯಾರದ್ದೋ ದನಿಯನ್ನ ಯಂತ್ರ ಅಜ್ಜಿ ಬಾಯಿಗೆ ಹಾಕಿದೆ. ನಗು ಬರುತ್ತೆ, ಸರಿ. ಅದಕ್ಕಿಂತ ದೊಡ್ಡದು ಅಕ್ಷರದಲ್ಲಿ ಬಂದೇ ಇರಲಿಲ್ಲ. 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದು ಬಿತ್ತಲ್ಲ, ಆಗಿನಿಂದ ಕೆಡವಬೇಕೋ ಉಳಿಸಬೇಕೋ ಅನ್ನೋ ಜಗ್ಗಾಟ ನಡೀತಿದೆಯಲ್ಲ, ಅದನ್ನ ಇವನು ಕೇಳಿದ್ದ. ಅಜ್ಜಿ ಉತ್ತರ ಕೊಡದೆ ದಾರ ಹಲ್ಲಿನಲ್ಲಿ ಕಚ್ಚಿ, ನಾಲ್ಕು ಮೊಗ್ಗು ಕಟ್ಟಿ, ಗಂಟು ಬಿಗಿದು, ಆಮೇಲೆ 'ನಮ್ಮತ್ತೆ ಕೂತಿದ್ದ ಜಾಗ ಕಣಪ್ಪ ಇದು' ಅಂದಿದ್ದಳು. ಯಂತ್ರ ಕಡೆಯ ಮಾತನ್ನ ಬರೆದುಕೊಂಡಿತ್ತು. ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಇದ್ದ ಆ ನಾಲ್ಕು ಮೊಗ್ಗು ಎಲ್ಲೂ ಇರಲಿಲ್ಲ. ಹುಡುಗ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದರಿಂದ ವರದಿಯಲ್ಲಿ ಬಂತು. ಮಾರನೇ ದಿನ ಮತ್ತೆ ಹೋಗಿ ದರವನ್ನೂ ಕೇಳಿ ಬಂದ. ನನಗೆ ಆ ವರದಿ ತೋರಿಸಿದ. ಚೆನ್ನಾಗಿತ್ತು ರೀ, ನಿಜವಾಗ್ಲೂ ಚೆನ್ನಾಗಿತ್ತು.

ಎದುರು ಮನೆ ಹುಡುಗಿಯ ಚಿಂತೆ ಬೇರೆ. ಅವಳಿಗೆ ಟಿವಿ ವರದಿಗಾರ್ತಿ ಆಗಬೇಕು ಅಂತ ಆಸೆ, ಅವಳಮ್ಮನಿಗೆ ದಿಗಿಲು. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಮುಖವನ್ನ ಬೇರೆ ಯಾರದ್ದೋ ವಿಡಿಯೊಗೆ ಅಂಟಿಸಿ ಹರಿಯಬಿಟ್ಟಿದ್ದರಲ್ಲ, ಆವತ್ತಿನಿಂದ ಆ ತಾಯಿಗೆ ಕ್ಯಾಮೆರಾ ಕಂಡರಾಗಲ್ಲ. ರಶ್ಮಿಕಾ ಕೂಡ ಪತ್ರಿಕೋದ್ಯಮ ಓದಿದ ಹುಡುಗಿಯೇ, ಗೊತ್ತಾ? ಬೆಂಗಳೂರಿನಲ್ಲಿ ಪದವಿಗೆ ಮನಶ್ಶಾಸ್ತ್ರ, ಇಂಗ್ಲಿಷ್ ಸಾಹಿತ್ಯದ ಜೊತೆಗೆ ಅದನ್ನೂ ಓದಿದ್ದಾರೆ. ಅವರಿಗಾದರೆ ದೆಹಲಿ ಪೊಲೀಸರು ಕೇಸು ಹಾಕಿ, 2024ರ ಜನವರಿಯಲ್ಲಿ ಆಂಧ್ರದಿಂದ ಒಬ್ಬನನ್ನ ಹಿಡಿದು ತಂದರು. ತಾಲ್ಲೂಕು ಮಟ್ಟದ ವರದಿಗಾರ್ತಿಗೆ, ಮರಳು ದಂಧೆ ಬಗ್ಗೆ ಬರೆದ ಹುಡುಗಿಗೆ ಹೀಗಾದರೆ? ಎಐ ಅಂದರೆ ನಾವು ಕೆಲಸ ಹೋಗುತ್ತೆ ಅನ್ನೋದನ್ನೇ ಮಾತಾಡ್ತೀವಿ. ಹೆಣ್ಣುಮಕ್ಕಳು ಕೆಲಸಕ್ಕೆ ಬರೋದಕ್ಕೇ ಹಿಂಜರಿಯೋ ಹಾಗೆ ಆಗುತ್ತೆ ಅನ್ನೋದನ್ನ ಈ ಹುಡುಗಿ ಬಾಯಿಂದಲೇ ನಾನು ಮೊದಲು ಕೇಳಿದ್ದು.

ಕೆಲಸದ ಮಾತು ಬಂತಲ್ಲ, ನನ್ನ ಮನಸ್ಸಿಗೆ ನಿಜವಾಗಿ ನಾಟಿರೋದು ಅದೇ. ನಮ್ಮ ಚಿಕ್ಕಪ್ಪ ಒಂದು ಕನ್ನಡ ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ ಉಪಸಂಪಾದಕರಾಗಿದ್ದರು. ಸೇರಿದ ಹೊಸದರಲ್ಲಿ ಅವರಿಗೆ ಕೊಟ್ಟಿದ್ದು ಪೇಟೆ ಧಾರಣೆ. ಎಷ್ಟೋ ತಿಂಗಳು ಅದನ್ನೇ ಬರೆದರು. ಶಿವಮೊಗ್ಗ ಅಡಿಕೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದೊಂದಕ್ಕೂ ಕನಿಷ್ಠ, ಗರಿಷ್ಠ. ಇಂಗ್ಲಿಷ್ ಕಲಿತು ದೊಡ್ಡ ದೊಡ್ಡ ಸಂಪಾದಕೀಯ ಬರೀಬೇಕು ಅಂತ ಬಂದ ತರುಣನಿಗೆ ಗೊರಬಲು! ಒಂದು ರಾತ್ರಿ ಬಂದ ಪಟ್ಟಿಯಲ್ಲಿ ಗೊರಬಲಿನ ದರ ಸರಕಿಗಿಂತ ಮೇಲಿತ್ತು. ಸರಕು ಅಂದರೆ ಎಲ್ಲಕ್ಕಿಂತ ಮೇಲಿನ ಅಡಿಕೆ, ಗೊರಬಲು ಎಲ್ಲಕ್ಕಿಂತ ಕೆಳಗಿನದು. ಹೀಗಾಗೋದು ಸಾಧ್ಯವೇ ಇಲ್ಲ ಅಂತ ಅವರಿಗೆ ಅಷ್ಟು ಹೊತ್ತಿಗೆ ಕೈಗೇ ಗೊತ್ತಾಗಿತ್ತು. ಟ್ರಂಕ್ ಕಾಲ್ ಮಾಡಿ ಪಟ್ಟಿ ಕಳಿಸಿದವರನ್ನ ಎಬ್ಬಿಸಿ ಕೇಳಿದರೆ ಸಾಲು ಅದಲುಬದಲಾಗಿತ್ತು. ಬೆಳಿಗ್ಗೆ ಅದು ಹಾಗೇ ಅಚ್ಚಾಗಿದ್ದರೆ ತೀರ್ಥಹಳ್ಳಿ, ಸಾಗರದ ಬೆಳೆಗಾರರು ಏನು ಅಂದುಕೊಳ್ತಿದ್ದರೋ. ಮುಂದೆ ಚಿಕ್ಕಪ್ಪ ಮಲೆನಾಡಿನ ಬಗ್ಗೆ ಎಷ್ಟೋ ಬರೆದರು. ಅಡಿಕೆ ಲೆಕ್ಕ ಗೊತ್ತಿಲ್ಲದೆ ಅದರಲ್ಲಿ ಒಂದು ಸಾಲೂ ಬರ್ತಿರಲಿಲ್ಲ ಅಂತ ಅವರೇ ಹೇಳೋರು.

ಈಗ ಮೊದಲು ಯಂತ್ರದ ಪಾಲಾಗ್ತಿರೋದು ಈ ಥರದ ಕೆಲಸವೇ. ಪೇಟೆ ಧಾರಣೆ, ಹವಾಮಾನ, ಏಜೆನ್ಸಿ ಸುದ್ದಿಯ ಅನುವಾದ, ಇಂದಿನ ಕಾರ್ಯಕ್ರಮ. ಅಮೆರಿಕದ ಎಪಿ ಸುದ್ದಿಸಂಸ್ಥೆ ಕಂಪನಿಗಳ ಲಾಭ-ನಷ್ಟದ ಸುದ್ದಿಯನ್ನ 2014ರಲ್ಲೇ ಯಂತ್ರಕ್ಕೆ ಕೊಟ್ಟಿತು. ಅನುಭವಿಗಳಿಗೆ ಇದರಿಂದ ಕೈ ಬಿಡುವಾಗುತ್ತೆ, ಒಳ್ಳೇದೇ. ಈಗಷ್ಟೇ ಬಾಗಿಲಿಗೆ ಬಂದವರ ಗತಿ? 'ನಮ್ಮನ್ನ ಕೆಲಸದಿಂದ ತೆಗೀತಾರೆ ಅಂತ ಭಯ ಇಲ್ಲ ಆಂಟಿ, ಸೇರಿಸಿಕೊಳ್ಳೋದೇ ಇಲ್ಲ ಅಂತ ಭಯ' ಅಂದಳು ಎದುರು ಮನೆ ಹುಡುಗಿ. ಹತ್ತು ವರ್ಷದ ಅನುಭವ ಇರೋರು ಬೇಕು ಅಂತಾರೆ, ಆ ಮೊದಲನೇ ವರ್ಷದ ಕುರ್ಚಿಯನ್ನೇ ಎತ್ತಿಟ್ಟರೆ ಹತ್ತು ವರ್ಷ ಎಲ್ಲಿಂದ ಬರುತ್ತೆ? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರಿಕೆ ನಡೆಸೋರು ಉತ್ತರ ಹೇಳಬೇಕು. ಧಾರಣೆಯನ್ನ ಯಂತ್ರ ಬರೆದರೂ ಪರವಾಗಿಲ್ಲ, ಅದನ್ನ ತಾಳೆ ನೋಡೋಕೆ ಒಬ್ಬ ಹೊಸ ಹುಡುಗನನ್ನೋ ಹುಡುಗಿಯನ್ನೋ ಸಂಬಳ ಕೊಟ್ಟು ಕೂರಿಸಿ. ನನಗೆ ತೋಚೋದು ಇಷ್ಟು.

ತಾಳೆ ನೋಡೋರ ಅಗತ್ಯ ಹೆಚ್ಚೇ ಆಗಿದೆ. 2025ರ ಅಕ್ಟೋಬರ್‌ನಲ್ಲಿ ಬಿಬಿಸಿ ಮತ್ತು ಯುರೋಪಿನ ಪ್ರಸಾರ ಒಕ್ಕೂಟ ಸೇರಿ 18 ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದವು. ಸುದ್ದಿ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಎಐ ಸಹಾಯಕರು ಕೊಟ್ಟ ಉತ್ತರಗಳಲ್ಲಿ ನೂರಕ್ಕೆ 45ರಲ್ಲಿ ಒಂದಾದರೂ ದೊಡ್ಡ ದೋಷ ಇತ್ತು. ಇತ್ತ ಅದೇ ವರ್ಷದ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ವರದಿ ನೋಡಿದರೆ, 25 ವರ್ಷದೊಳಗಿನವರಲ್ಲಿ ನೂರಕ್ಕೆ 15 ಜನ ವಾರಕ್ಕೊಮ್ಮೆಯಾದರೂ ಸುದ್ದಿಗೆ ಎಐ ಚಾಟ್‌ಬಾಟ್ ಹತ್ತಿರ ಹೋಗ್ತಾರೆ. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಧಸಕ್ ಅನ್ನುತ್ತೆ, ಅಲ್ವಾ? ನಮ್ಮ ಮೂವರೂ ಆ ವಯಸ್ಸಿನವರೇ, ಅವರೂ ಕೇಳ್ತಾರೆ. ಆದರೆ ಕೇಳಿದ ಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗ್ತಾರೆ ನೋಡಿ, ಅದಕ್ಕೇ ನನಗೆ ಈ ಮಕ್ಕಳ ಮೇಲೆ ನಂಬಿಕೆ.

ಹಾಂ, ಹೇಳೋದೇ ಮರೆತಿದ್ದೆ. ಅವರ ಪ್ರಾಯೋಗಿಕ ಪತ್ರಿಕೆಗೆ ಈ ಸಲ ನಮ್ಮ ಬಡಾವಣೆಯ ಕುಡಿಯುವ ನೀರಿನ ವಿಷಯ ತಗೊಂಡಿದ್ದಾರೆ. ಮನೆ ಮನೆಗೆ ಬರ್ತಿದ್ದಾರೆ. ಜನ ಮಾತೇನೋ ಆಡ್ತಾರಂತೆ, ಕಡೆಗೆ 'ನನ್ನ ಹೆಸರು ಮಾತ್ರ ಹಾಕಬೇಡಿಪ್ಪ' ಅಂತ ಗೇಟು ಹಾಕಿಕೊಳ್ತಾರಂತೆ. ನಿಮ್ಮ ಮನೆಗೂ ಬಂದೇ ಬರ್ತಾರೆ. ಹತ್ತು ನಿಮಿಷ ಮಾತಾಡಿ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ ಅಂತ ನಿಂತು ತೋರಿಸಿ, ನಿಮ್ಮ ಹೆಸರನ್ನೂ ಬರೆಸಿ ಕಳಿಸಿ.